ಹೊಗೆಯಿಲ್ಲದ ಗಾಡಿ

ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಕೋಲಾರ ದಾಟಿ ಶ್ರೀನಿವಾಸಪುರದ ರಸ್ತೆಗೆ ಬಿದ್ದ ಮೇಲೆ ಓಬೇದುಲ್ಲಾ ಸಾಬರು ಗಾಡಿ ಓಡಿಸುತ್ತಿದ್ದರೋ, ಗಾಡಿಯೇ ಅವರನ್ನು ಕೂರಿಸಿಕೊಂಡು ತೇಲುತ್ತಿತ್ತೋ ಹೇಳುವುದು ಕಷ್ಟ. ಇಂಜಿನ್ನಿನ ಸದ್ದಿಲ್ಲ, ಗೇರಿನ ಗೋಳಿಲ್ಲ. ಮಂಜಿನೊಳಗಿಂದ ಮಾವಿನ ತೋಪುಗಳು ಒಂದೊಂದಾಗಿ ಎದ್ದು ಬಂದು, ಗಾಡಿಯನ್ನೊಮ್ಮೆ ನೋಡಿ, ಹಾಗೇ ಹಿಂದೆ ಸರಿದು ಮಲಗುತ್ತಿದ್ದವು. ರಸ್ತೆ ಮಧ್ಯೆ ಮಲಗಿದ್ದ ನಾಯಿಗೂ ಗಾಡಿ ಬಂದದ್ದು ಗೊತ್ತಾಗಲಿಲ್ಲ. ಸಾಬರೇ ನಿಲ್ಲಿಸಿ, ಇಳಿದು, ನಾಲ್ಕು ಒಳ್ಳೆಯ ಮಾತಾಡಿ ಅದನ್ನು ಎಬ್ಬಿಸಬೇಕಾಯಿತು.

ಹಿಂದೆ, ಮೇಣದ ಕಾಗದ ಹೊದ್ದ ತಟ್ಟೆಗಳಲ್ಲಿ, ರೇಷ್ಮೆಹುಳಗಳು ನಿದ್ದೆಯಲ್ಲಿದ್ದವು. ರೇಷ್ಮೆಯವರು ಅದಕ್ಕೆ ಜ್ವರ ಅನ್ನುತ್ತಾರೆ. ಕಾಯಿಲೆಯೇನೂ ಅಲ್ಲ, ಹಳೇ ಚರ್ಮ ಬಿಟ್ಟು ಹೊಸದು ತೊಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಒಂದು ದಿನ ಕದಲದೆ ಕೂತುಬಿಡುತ್ತದೆ. ಮನುಷ್ಯರಿಗೂ ಇಂಥದೊಂದು ಅನುಕೂಲ ಇದ್ದಿದ್ದರೆ ಎಷ್ಟೋ ಸಂಸಾರಗಳು ಉಳಿಯುತ್ತಿದ್ದವು. ಮರಿಗಳನ್ನು ಮೊಟ್ಟೆಯಿಂದ ಎಬ್ಬಿಸಿ ಎರಡನೇ ಜ್ವರದವರೆಗೆ ಸಾಕುವುದು ಚಾಕಿ ಕೇಂದ್ರದ ಕೆಲಸ. ಆ ಜ್ವರದಲ್ಲಿರುವಾಗಲೇ, ಬಿಸಿಲೇರುವ ಮೊದಲು, ಕುಲುಕದಂತೆ ಅವನ್ನು ರೈತರ ಮನೆಗೆ ಮುಟ್ಟಿಸುವುದು ಸಾಬರ ಕೆಲಸ. ಮಾಲೂರಿನ ಚಂದ್ರಮೋಹನ್ ಅವರ ಚಾಕಿ ಕೇಂದ್ರಕ್ಕೆ, ಅದಕ್ಕೂ ಮೊದಲು ಅವರ ತಂದೆಗೆ, ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಾ ಬಂದಿದ್ದರು. ಡೀಸೆಲ್ ವ್ಯಾನಿನಲ್ಲಿ. ಈ ಹೊಸ ಗಾಡಿಗೆ ಇದು ಮೊದಲ ಪ್ರಯಾಣ.

ಹೊಸದು ಅಂದರೆ ನಮಗೆ ಹೊಸದು ಅಷ್ಟೆ. ಮಾಲೂರಿನ ಕಾರ್ಖಾನೆಯೊಂದಕ್ಕೆ ಬಂದಿದ್ದ ಜಪಾನಿನ ಮ್ಯಾನೇಜರು ಇದನ್ನು ತನ್ನ ಊರಿನಿಂದ ಹಡಗಿನಲ್ಲಿ ತರಿಸಿಕೊಂಡಿದ್ದ. ಅದು ಚೆನ್ನೈ ಬಂದರಿನಲ್ಲಿ ಸಹಿ, ಸೀಲು, ಸುಂಕಕ್ಕಾಗಿ ಕಾಯುತ್ತಾ ತಿಂಗಳುಗಟ್ಟಲೆ ಉಪ್ಪುಗಾಳಿ ಕುಡಿಯಿತು. ಕೊನೆಗೆ ಲಾರಿಯ ಬೆನ್ನೇರಿ ಮುಳಬಾಗಿಲಿನ ಮೇಲೆ ಹಾದು ಮಾಲೂರಿಗೆ ಬಂದಾಗ ನೋಡಿದವರೆಲ್ಲ ನಕ್ಕರು. ಕಾರು ಅಂದರೆ ಕಾರಲ್ಲ, ವ್ಯಾನು ಅಂದರೆ ವ್ಯಾನಲ್ಲ. ಚಕ್ರ ಹಚ್ಚಿದ ಬಿಳೀ ಟಿಫನ್ ಡಬ್ಬಿ. ಹೆದ್ದಾರಿಯಲ್ಲಿ ಹೊಸದಾಗಿ ನಿಲ್ಲಿಸಿದ್ದ ಚಾರ್ಜರಿಗೆ ಒಯ್ದರೆ ಅದರ ಮೂತಿಗೂ ಇದರ ಬಾಯಿಗೂ ಕೂಡಲಿಲ್ಲ. ಪಾಪ, ಆ ಮನುಷ್ಯ ಮನೆಯ ಪವರ್ ಪ್ಲಗ್ಗಿನಿಂದಲೇ ವೈರು ಎಳೆದು ನಿಧಾನಕ್ಕೆ ಚಾರ್ಜ್ ಮಾಡಿಕೊಳ್ಳುತ್ತಿದ್ದ. ಅವನಿದ್ದದ್ದು ಚಂದ್ರಮೋಹನ್ ಅವರ ಮಹಡಿ ಮನೆಯಲ್ಲಿ. ದೇಶಕ್ಕೆ ಹಿಂತಿರುಗುವ ಮುಂಚೆ ಒಮ್ಮೆ ಚಾಕಿ ಕೇಂದ್ರದೊಳಗೆ ಬಂದು, ಹುಳಗಳ ಮುಂದೆ ಬಹಳ ಹೊತ್ತು ನಿಂತಿದ್ದು, ಗಾಡಿಯನ್ನು ಇವರಿಗೇ ಬಿಟ್ಟು ಹೋದ. ಹೊಗೆ ಉಗುಳದ ಗಾಡಿ, ಹುಳ ಸಾಗಿಸಲು ಹೇಳಿ ಮಾಡಿಸಿದ್ದು ಎಂದು ಚಂದ್ರಮೋಹನ್‌ಗೆ ಆಮೇಲೆ ಹೊಳೆಯಿತು.

ಗುಂಡಿ ಒತ್ತಿದಾಗಲೆಲ್ಲ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಮೆತ್ತಗೆ ಏನೋ ಹೇಳುತ್ತಿದ್ದಳು. ಅವಳ ಬಾಯಿ ಮುಚ್ಚಿಸುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಸಾಬರು ಮಾತ್ರ ಪ್ರತಿಸಲವೂ “ಹಾಂ ಜೀ, ಹಾಂ ಜೀ” ಎನ್ನುತ್ತಿದ್ದರು. ಒಬ್ಬರು ಮಾತಾಡಿಸಿದಾಗ ಸುಮ್ಮನಿರುವುದು ಅವರ ಜಾಯಮಾನವಲ್ಲ.

ಅಂಥ ಮಾತುಗಾರ ಮೂವತ್ತು ವರ್ಷ ಒಂದು ಮಾತನ್ನು ಕೇಳದೆ ನುಂಗಿಕೊಂಡಿದ್ದರು.

ಯಲ್ದೂರಿನ ಕಡೆ ಒಂದು ಹಳ್ಳಿಯಲ್ಲಿ ಶ್ಯಾಮಲಮ್ಮನವರ ಮನೆ. ಊರ ಬಾಗಿಲಲ್ಲಿ ದೊಡ್ಡ ಹುಣಸೇಮರ. ಡೀಸೆಲ್ ವ್ಯಾನು ಆ ಮರದ ಕೆಳಗೆ ನಿಲ್ಲಬೇಕು, ಮುಂದೆ ಬರಕೂಡದು. ಸದ್ದು ಕೇಳಿ ಮನೆಯ ಹೆಂಗಸರು ಅಲ್ಲಿಗೇ ಬಂದು, ತಟ್ಟೆಗಳನ್ನು ತಲೆಮೇಲಿಟ್ಟುಕೊಂಡು ಹೋಗುವರು. ಹುಳಕ್ಕೆ ಹೊಗೆ ಆಗುವುದಿಲ್ಲ ಎಂಬುದು ಕಾರಣ. ಕಾರಣ ಸರಿಯಾದದ್ದೇ. ಆದರೆ ಒಂದು ದಿನ ಗೊಬ್ಬರದ ಅಂಗಡಿ ಪೆದ್ದಪ್ಪ ತನ್ನ ಮೊಪೆಡ್ಡಿನಲ್ಲಿ ಕಪ್ಪು ಹೊಗೆ ಬಿಡುತ್ತಾ ಮರ ದಾಟಿ ಹೋದದ್ದನ್ನು ಸಾಬರು ಕಣ್ಣಾರೆ ಕಂಡರು; ನೇರ ಹುಳಮನೆಯ ಬಾಗಿಲಿಗೇ ಹೋಗಿ ಇಳಿದನೆಂದು ತಟ್ಟೆ ಹೊರಲು ಬಂದ ಹೆಂಗಸರ ಮಾತಿನಿಂದ ತಿಳಿಯಿತು. ಅಂದಿನಿಂದ ಎದೆಯಲ್ಲಿ ಒಂದು ಮುಳ್ಳು. ಇವರಿಗೆ ಆಗದಿರುವುದು ಹೊಗೆಯೋ, ನಾನೋ? ಕೇಳಬಹುದಿತ್ತು. ಕೇಳಿದರೆ ಉತ್ತರ ಬಂದುಬಿಟ್ಟೀತು ಎಂಬ ಭಯ.

ಅವರ ಹೆಂಡತಿ ತಾಜುನ್ನೀಸಾ ಹುಡುಗಿಯಾಗಿದ್ದಾಗ ಮುಳಬಾಗಿಲಿನಲ್ಲಿ ರೇಷ್ಮೆನೂಲು ಬಿಚ್ಚುವ ಕೆಲಸ ಮಾಡಿದವರು. ಆಕೆ ಕಂಡದ್ದು ಬಿಸಿನೀರಲ್ಲಿ ಬೆಂದ ಗೂಡು. ಈತ ಕಂಡದ್ದು ಮುಚ್ಚಿದ ತಟ್ಟೆ. ನಡುವಿನದು, ಹುಳ ತಿಂದುಂಡು ಬದುಕುವ ಭಾಗ, ಇಬ್ಬರಿಗೂ ಗೊತ್ತಿಲ್ಲ. “ಅಬ್ ತೋ ಧುವಾ ಬೀ ನೈ ಜೀ” ಎಂದು ಆಕೆ ಈ ಸಲ ಬಾಗಿಲಲ್ಲಿ ನಿಂತು ಹೇಳಿದ್ದರು. ಇನ್ನು ಹೊಗೆಯೂ ಇಲ್ಲವಲ್ಲ. ಸಾಬರಿಗೆ ಬೇಕಾದದ್ದೂ ಅದೇ, ಭಯವಾದದ್ದೂ ಅದೇ.

ಹುಣಸೇಮರ ಕಂಡದ್ದೇ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿ ಮರದ ಕೆಳಗೆ ನಿಂತಿತು. ಜಪಾನಿನ ಹೆಂಗಸು ಏನೋ ಹೇಳಿ ಸುಮ್ಮನಾದಳು. ಸಾಬರು ಕಾದರು. ಯಾರೂ ಬರಲಿಲ್ಲ. ಸದ್ದೇ ಇಲ್ಲದ ಗಾಡಿ ಬಂದಿದೆ ಎಂದು ಯಾರಿಗೆ ಕನಸು ಬೀಳಬೇಕು? ಮುಂದೆ ಹೋಗಬಹುದಿತ್ತು, ಹೋಗಲು ಮನಸ್ಸಾಗಲಿಲ್ಲ. ಕರೆಯದೆ ಹೇಗೆ ಹೋಗುವುದು. ಫೋನಿತ್ತು. “ಬರ್ಲಾ” ಎಂದು ಕೇಳಿ “ಅಲ್ಲೇ ಇರಿ” ಅನ್ನಿಸಿಕೊಳ್ಳುವುದಕ್ಕಿಂತ ಸುಮ್ಮನೆ ಕೂರುವುದು ಮೇಲು ಎನಿಸಿತು. ಮಂಜು ಕಿಟಕಿಯೊಳಗೆ ಬಂದು ಪಕ್ಕದ ಸೀಟಿನಲ್ಲಿ ಕೂತಿತು. ಹಿಂದೆ ಹುಳಗಳು, ಮುಂದೆ ತಾವು, ಎಲ್ಲರೂ ತಲೆ ಎತ್ತಿಕೊಂಡು ಕದಲದೆ ಕೂತಿದ್ದೇವಲ್ಲ ಎಂದುಕೊಳ್ಳುವಷ್ಟರಲ್ಲಿ ಕಣ್ಣು ಎಳೆಯಿತು.

ಕಿಟಕಿ ತಟ್ಟಿದ ಸದ್ದಿಗೆ ಎಚ್ಚರವಾಯಿತು. ಮಂಜು ಕರಗಿತ್ತು. ಶ್ಯಾಮಲಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದರು.

“ಯಾವಾಗ್ ಬಂದ್ರಿ ಸಾಬ್ರೇ? ನಾನ್ ಅಲ್ಲಿ ಕಿವಿ ಕೊಟ್ಕೊಂಡು ಕೂತಿದೀನಿ, ನೀವಿಲ್ಲಿ ನಿದ್ದೆ ಮಾಡ್ತಿದೀರ. ಬಿಸ್ಲು ಬಂತಲ್ಲ ಹುಳಕ್ಕೆ.”

“ಇದ್ರಲ್ಲಿ ಸದ್ದಿಲ್ಲ ಅಮ್ಮಾ.”

“ಸದ್ದಿಲ್ದಿದ್ರೆ ಏನು, ಮನೆ ತಂಕ ಬರೋಕಾಗಲ್ವಾ?”

ಮೂವತ್ತು ವರ್ಷದ ಮಾತು ಇಷ್ಟು ಸಲೀಸಾಗಿ ಉದುರಿತಲ್ಲ, ಸಾಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಶ್ಯಾಮಲಮ್ಮ ಗಾಡಿಯ ಹಿಂದೆ ಹೋಗಿ, ಬಗ್ಗಿ, ಹೊಗೆ ಕೊಳವೆ ಹುಡುಕಿ, ಸಿಗದೆ ಎದ್ದರು. “ನಡೀರಿ” ಎಂದು ಮುಂದೆ ಹೊರಟರು. ಅವರ ನಡಿಗೆಯ ವೇಗಕ್ಕೇ, ಹಸುವಿನ ಹಿಂದೆ ಕರು ಹೋದ ಹಾಗೆ, ಗಾಡಿ ಸದ್ದಿಲ್ಲದೆ ಊರೊಳಗೆ ಹೋಯಿತು. ಆ ಊರಿನ ಬೀದಿಯನ್ನು ಸಾಬರು ಮೊದಲ ಸಲ ನೋಡಿದರು. ಎಲ್ಲ ಊರಿನ ಹಾಗೇ ಇತ್ತು. ಆದರೂ ಚೆನ್ನಾಗಿತ್ತು.

ಹುಳಮನೆ ಮನೆಯ ಹಿಂದೆ, ಹಿಪ್ಪುನೇರಳೆ ತೋಟಕ್ಕೆ ತಾಗಿಕೊಂಡು ಇತ್ತು. ಶ್ಯಾಮಲಮ್ಮ ಮತ್ತು ಸೊಸೆ ಮೇಘನ ತಟ್ಟೆಗಳನ್ನು ಒಳಗೆ ಒಯ್ದರು. ಸಾಬರು ಮೆಟ್ಟಿಲ ಕೆಳಗೆ ನಿಂತು ಒಂದೊಂದನ್ನೇ ಚಾಚಿದರು; ಮೇಲಿಂದ ಶ್ಯಾಮಲಮ್ಮ ತಟ್ಟೆಯ ಆ ತುದಿ ಹಿಡಿದು ಎತ್ತಿಕೊಂಡರು. ಹುಣಸೇಮರದ ಕೆಳಗೂ ಮೊದಲಿಂದ ಹಾಗೇ, ಈ ತುದಿ ಇವರದು, ಆ ತುದಿ ಅವರದು. ಕೊನೆಯ ತಟ್ಟೆ ಹೋದ ಮೇಲೆ ಬಾಗಿಲು ಮುಚ್ಚಿತು.

ಇನ್ನು ಹೊರಡಬೇಕಿತ್ತು. ಗಾಡಿಯ ಗಾಜಿನ ಮೇಲೆ ಕರೆಂಟಿನ ಒಂದೇ ಒಂದು ಗೆರೆ ಉಳಿದಿತ್ತು. ಚಂದ್ರಮೋಹನ್ ಮೊದಲೇ ಹೇಳಿದ್ದರು, ಹೋಗೋಕೆ ಸಾಕು, ಬರೋಕೆ ಅಲ್ಲೇ ಹಾಕಿಸ್ಕೊಳ್ಳಿ ಅಂತ.

“ಅಮ್ಮಾ, ಇದಕ್ಕೆ ಕರೆಂಟು ಹಾಕ್ಬೇಕು. ಇಲ್ದಿದ್ರೆ ವಾಪಸ್ ಹೋಗಲ್ಲ.”

“ಹಾಕ್ಕೊಳಿ ಅದಕ್ಕೇನು. ಎಷ್ಟೊತ್ತು?”

“ಸಾಯಂಕಾಲ ಆಗ್ಬೋದು.”

ಶ್ಯಾಮಲಮ್ಮ ಅವರನ್ನೊಮ್ಮೆ ಪೂರ್ತಿ ನೋಡಿದರು. ಇಷ್ಟು ವರ್ಷದಲ್ಲಿ ಈ ಮನುಷ್ಯ ಈ ಊರಲ್ಲಿ ಅರ್ಧ ಗಂಟೆ ಕೂತಿರಲಿಲ್ಲ.

ದೊಡ್ಡ ಪಿನ್ನಿನ ಪ್ಲಗ್ಗು ಇದ್ದದ್ದು ಒಂದೇ, ಅದೂ ಹುಳಮನೆಯೊಳಗೆ, ಕೂಲರಿಗೆಂದು ಹಾಕಿಸಿದ್ದು. ಮೇಘನ ಕಿಟಕಿಯಿಂದ ವೈರು ಒಳಗೆ ಎಳೆದುಕೊಂಡು ಸಿಕ್ಕಿಸಿದಳು. ಜಪಾನಿನ ವೈರಿಗೆ ಮೊದಲ ದಿನವೇ ಒಳಗೆ ಜಾಗ ಸಿಕ್ಕಿತಲ್ಲ ಎಂದು ಸಾಬರಿಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಆದರೆ ವೈರಿನ ದೀಪ ಕೆಂಪಗಾಯಿತು. ಗಾಡಿಯೊಳಗಿನ ಹೆಂಗಸು ಹೇಳಿದ್ದನ್ನೇ ಮೂರು ಸಲ ಹೇಳಿದಳು.

“ಅರ್ತಿಂಗ್ ಸರಿ ಇಲ್ಲ ಅನ್ಸುತ್ತೆ” ಎಂದರು ಸಾಬರು. “ಮಾಲೂರಲ್ಲೂ ಒಂದ್ಸಲ ಹಿಂಗೇ ಆಗಿತ್ತು. ನೆಲ ಒಣಗಿದ್ರೆ ಇದು ಕರೆಂಟ್ ಕುಡಿಯಲ್ಲ.”

“ಕೂಲರ್ ಮುಟ್ಟಿದ್ರೂ ಜುಮ್ ಅಂತೈತೆ. ಗುಂಡೀಗ್ ನೀರ್ ಹಾಕಿ ಎಷ್ಟು ದಿನ ಆಯ್ತೋ” ಎಂದರು ಶ್ಯಾಮಲಮ್ಮ.

ಉಪ್ಪು, ಇದ್ದಿಲು ತುಂಬಿ ಕಂಬಿ ಹೂತಿದ್ದ ಅರ್ತಿನ ಗುಂಡಿ ಹುಳಮನೆಯ ಹಿಂದಿತ್ತು. ಇಬ್ಬರೂ ತೊಟ್ಟಿಯಿಂದ ನೀರು ಹೊತ್ತು ತಂದು ಸುರಿದರು. ನೆಲ ಗಟಗಟನೆ ಕುಡಿಯಿತು. ಮತ್ತೆ ಸುರಿದರು, ಮತ್ತೆ ಕುಡಿಯಿತು. ಕೊಡ ಹೊತ್ತು ಎದುರುಬದುರು ಓಡಾಡುವಾಗ ಏನಾದರೂ ಮಾತಾಡಬೇಕಾಗುತ್ತದೆ. ತಾಜುನ್ನೀಸಾಗೆ ಮಂಡಿನೋವು, ಶ್ಯಾಮಲಮ್ಮನ ಗಂಡ ಕೋದಂಡರಾಮಪ್ಪ ಗೌನಿಪಲ್ಲಿಯ ಬೀಗರ ಮನೆಗೆ ಹೋಗಿದ್ದಾರೆ, ಈ ಸಲ ಮಾವು ಹೂ ಬಿಟ್ಟದ್ದು ತಡ. ಬಹಳ ಹೊತ್ತಿನ ಮೇಲೆ ಗಾಡಿಯಿಂದ ಹೆಂಗಸಿನ ದನಿ ಬೇರೆ ಥರ ಕೇಳಿಸಿತು. ದೀಪ ಹಸಿರಾಗಿತ್ತು.

“ಏನಂದ್ಲು?”

“ನೀರು ಸಾಕು ಅಂದಿರ್ಬೇಕು.”

ಶ್ಯಾಮಲಮ್ಮ ನಕ್ಕರು. ಅವರು ನಕ್ಕದ್ದನ್ನೂ ಸಾಬರು ಮೊದಲ ಸಲ ನೋಡಿದ್ದು.

ಹಗಲು ನಿಧಾನವಾಗಿ ತುಂಬಿಕೊಂಡಿತು. ಹೊಂಗೆಮರದ ನೆರಳಲ್ಲಿ ಮಂಚ ಹಾಕಿಕೊಟ್ಟರು. ಮುದ್ದೆ, ಸೊಪ್ಪಿನ ಸಾರು ಬಂತು, ಉಂಡರು. ಗಾಡಿಯಲ್ಲಿ ಗೆರೆ ಎರಡಾಯಿತು. ಒಳಗೆ ಹುಳ ಇನ್ನೂ ಎದ್ದಿಲ್ಲ ಎಂದು ಮೇಘನ ಬಂದು ಹೇಳಿ ಹೋದಳು. ಸಾಬರು ಹಾಗೇ ಒರಗಿದರು. ಅರೆನಿದ್ದೆಯಲ್ಲಿ ತಾವೇ ಒಂದು ತಟ್ಟೆಯಲ್ಲಿ ಮಲಗಿದ್ದರು, ಮೇಲೆ ಬೆಳ್ಳನೆಯ ಕಾಗದ, ಯಾರೋ ಕಾಗದ ಸರಿಸಿ ಇಣುಕಿ “ಇನ್ನೂ ಇಲ್ಲ” ಎಂದು ಮತ್ತೆ ಮುಚ್ಚುತ್ತಿದ್ದರು. ಮೈ ಹಗುರವಾಗಿತ್ತು. ಏನೂ ಅವಸರವಿರಲಿಲ್ಲ.

“ಅತ್ತೆ, ಎದ್ದಿವೆ” ಎಂಬ ಮೇಘನಳ ದನಿಗೆ ಕಣ್ಣು ಬಿಟ್ಟರು. ಬಿಸಿಲು ಪಡುವಣಕ್ಕೆ ವಾಲಿತ್ತು. ಶ್ಯಾಮಲಮ್ಮ ಎಳೇ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹುಳಮನೆಯ ಮೆಟ್ಟಿಲು ಹತ್ತುತ್ತಿದ್ದವರು ತಿರುಗಿ ನಿಂತರು.

“ಸಾಬ್ರೇ, ನೋಡ್ತೀರಾ?”

ಸಾಬರು ಎದ್ದ ರಭಸಕ್ಕೆ ಮಂಚ ಕಿರ್ರೆಂದಿತು. ಚಪ್ಪಲಿ ಬಿಟ್ಟು ಮೆಟ್ಟಿಲ ಬಳಿ ಬಂದರು. ಶ್ಯಾಮಲಮ್ಮನ ಮೂಗು ಅರಳಿತು.

“ಇರಿ. ಏನ್ ಹಚ್ಕೊಂಡಿದೀರ?”

ಅತ್ತರಿನ ಎಣ್ಣೆ. ಹೊಗೆಯಿಲ್ಲದ ಗಾಡಿಯಲ್ಲಿ ಮೊದಲ ಸಲ ಒಬ್ಬರ ಮನೆ ಬಾಗಿಲಿಗೆ ಹೋಗುವುದು, ಚೆನ್ನಾಗಿರಲಿ ಎಂದು ಹೊರಡುವಾಗ ಎರಡೂ ಮಣಿಕಟ್ಟಿಗೆ, ಕುತ್ತಿಗೆಗೆ ಧಾರಾಳವಾಗಿ ಸವರಿಕೊಂಡಿದ್ದರು.

“ಹುಳಕ್ಕೆ ಘಮಲೂ ಆಗಲ್ಲ ಸಾಬ್ರೇ. ನಿಮಗ್ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಮೂವತ್ತು ವರ್ಷ ಹುಳ ಹೊತ್ತ ಮನುಷ್ಯನಿಗೆ ಗೊತ್ತಿರಲಿಲ್ಲ. ಚಾಕಿ ಕೇಂದ್ರದಲ್ಲೂ ತಟ್ಟೆ ಕಿಟಕಿಯಿಂದಲೇ ಕೈಗೆ ಬರುತ್ತಿತ್ತು. ಘಮಲು ತಾಕುವಷ್ಟು ಹತ್ತಿರಕ್ಕೆ ಅವರನ್ನು ಯಾರೂ ಬಿಟ್ಟಿರಲಿಲ್ಲ.

“ಬಚ್ಚಲಲ್ಲಿ ನೀರೈತೆ, ತೊಳ್ಕೊಂಡ್ ಬನ್ನಿ” ಎಂದು ಶ್ಯಾಮಲಮ್ಮ ಗಂಡನ ಒಗೆದ ಪಂಚೆ, ಅಂಗಿ ಕೊಟ್ಟರು. ಸಾಬರು ಮೈ ತೊಳೆದು, ಕೋದಂಡರಾಮಪ್ಪನ ಅಂಗಿ ತೊಟ್ಟು ಬಂದರು. ತೋಳು ಗಿಡ್ಡ. ಶ್ಯಾಮಲಮ್ಮ ದೂರದಿಂದಲೇ ಬಗ್ಗಿ ಮೂಸಿ “ಐತೆ” ಎಂದರು. ಸೀಗೆಪುಡಿ ಕೊಟ್ಟರು. ಮತ್ತೆ ಹೋಗಿ ಉಜ್ಜಿಕೊಂಡು ಬಂದರು. ಈ ಸಲ ಶ್ಯಾಮಲಮ್ಮ ಸಹಜವಾಗಿ, ಸೊಪ್ಪು ಪರೀಕ್ಷೆ ಮಾಡುವ ಹಾಗೆ, ಅವರ ಮಣಿಕಟ್ಟು ಹಿಡಿದು ಮೂಗಿನ ಹತ್ತಿರಕ್ಕೆ ಎಳೆದುಕೊಂಡರು. ಸೊಪ್ಪಿನ ಕಲೆ ಹಿಡಿದ ಒರಟು ಅಂಗೈ. ಇಷ್ಟು ವರ್ಷ ತಟ್ಟೆಯ ಆ ತುದಿಯಲ್ಲೇ ಇದ್ದ ಕೈ.

“ಇನ್ನೂ ಐತೆ.”

ಸಾಬರಿಗೆ ಸಾಕಾಗಿ ಹೋಯಿತು. ಕಣ್ಣು ಉರಿಯಿತು. “ಬಿಡಿ ಅಮ್ಮಾ” ಎಂದರು. “ಇಷ್ಟ್ ದಿನ ಹೊಗೆ ಅಂದ್ಕೊಂಡ್ವಿ. ಇವತ್ತು ಅತ್ತರು ಅಂದ್ಕೊಳಣ.”

ಮಾತು ಬಾಯಿಂದ ಜಾರಿತ್ತು. ಶ್ಯಾಮಲಮ್ಮ ಕೈ ಬಿಡಲಿಲ್ಲ. ಆ ಮಾತಿನ ಅಡಿಯಲ್ಲಿ ಏನಿದೆ ಎಂದು ಅವರಿಗೆ ತಿಳಿಯಿತು; ಅವರ ಮುಖ ನೋಡಿದವರಿಗೆ ಅದು ಗೊತ್ತಾಗುತ್ತಿತ್ತು.

“ನಮ್ಮತ್ತೆ ಇದ್ದಾಗ, ನೀವು ಬರ್ಬಾರ್ದು ಅಂತಾನೇ ಇತ್ತು. ಗಾಡಿ ಅಲ್ಲ, ನೀವು” ಎಂದರು. “ಅವ್ರು ಹೋದ್ಮೇಲೆ ನಾನ್ ಕರೀಬೋದಿತ್ತು. ಹೊಗೆ ಅನ್ನೋದು ಬಾಯಿಗೆ ರೂಢಿ ಆಗಿತ್ತು. ನನಗೂ ಅದೇ ಸುಲಭ ಆಯ್ತು.” ಮತ್ತೆ, “ನೀವು ಒಂದ್ಸಲ ಕೇಳ್ಬೋದಿತ್ತು” ಎಂದರು.

“ನೀವ್ ಹೇಳ್ಬೇಕಿತ್ತು.”

“ಹೂಂ. ನಾನ್ ಹೇಳ್ಬೇಕಿತ್ತು.”

ಉತ್ತರ ಬಂದರೆ ದುಃಖವಾಗುತ್ತದೆ ಎಂದು ಸಾಬರು ಹೆದರಿದ್ದರು. ಬಂದದ್ದು ಸಿಟ್ಟು. ಕೈ ಬಿಡಿಸಿಕೊಂಡು, ಗಿಡ್ಡ ತೋಳಿನ ಅಂಗಿಯಲ್ಲೇ ಗಾಡಿಯ ಹತ್ತಿರ ಹೋದರು. ಹೊರಟುಬಿಡಬೇಕು, ಇನ್ನು ಈ ಊರಿಗೆ ಬರಬಾರದು. ಗಾಜಿನ ಮೇಲೆ ನಾಲ್ಕು ಗೆರೆ. ಶ್ರೀನಿವಾಸಪುರದವರೆಗೆ ಹೋದೀತು, ಕೋಲಾರ ಮುಟ್ಟದು. ಡೀಸೆಲ್ ವ್ಯಾನಾಗಿದ್ದರೆ ಊರೆಲ್ಲ ಹೊಗೆ ಎಬ್ಬಿಸಿ ಹೋಗಬಹುದಿತ್ತು. ಈ ಗಾಡಿಯಲ್ಲಿ ಮುನಿಸಿಕೊಂಡು ಹೋಗುವುದಕ್ಕೂ ಮುನಿಸಿಕೊಂಡವರ ಮನೆಯ ಕರೆಂಟೇ ಬೇಕು. ಸಾಬರು ಮಂಚದ ಮೇಲೆ ಕೂತರು. ಹೊಂಗೆ ಹೂವು ಒಂದೊಂದೇ ಉದುರುತ್ತಿತ್ತು. ಎಷ್ಟು ಹೊತ್ತು ಕೂತರೋ, ಐದನೇ ಗೆರೆ ಮೂಡಿತು.

ಶ್ಯಾಮಲಮ್ಮ ಅದೇ ಮೆಟ್ಟಿಲ ಮೇಲೆ ಬುಟ್ಟಿ ಹಿಡಿದು ನಿಂತಿದ್ದರು. ಒಳಗೂ ಹೋಗಿರಲಿಲ್ಲ, ಕೆಳಗೂ ಇಳಿದಿರಲಿಲ್ಲ. ಮೇಲಿನ ಸೊಪ್ಪು ಅಂಚಿನಲ್ಲಿ ಸೊರಗತೊಡಗಿತ್ತು.

ಎದ್ದ ಹುಳಕ್ಕೆ ಹಸಿವು ಜಾಸ್ತಿ ಎಂಬುದಂತೂ ಸಾಬರಿಗೆ ಗೊತ್ತಿತ್ತು. “ಹೋಗಿ ಹಾಕೀಮ್ಮಾ” ಎಂದರು. “ಅವೇನ್ ಮಾಡಿದ್ವು?”

“ನೀವ್ ಬನ್ನಿ.”

“ವಾಸ್ನೆ ಐತಲ್ಲ.”

“ಐತೆ” ಎಂದರು ಶ್ಯಾಮಲಮ್ಮ. “ಇರ್ಲಿ.”

ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದಿದ್ದನೆಂದು ಸ್ವಂತ ಅಳಿಯನನ್ನೇ ಇದೇ ಮೆಟ್ಟಿಲಿಂದ ವಾಪಸು ಕಳಿಸಿದ ಹೆಂಗಸು. ಬಾಗಿಲೊಳಗಿದ್ದ ಮೇಘನ ಅತ್ತೆಯನ್ನು ಬೆರಗಾಗಿ ನೋಡಿದಳು. ಸಾಬರು ಎದ್ದು ಬಂದು, ಹೊಸ್ತಿಲಲ್ಲಿದ್ದ ಸುಣ್ಣದ ಪುಡಿಯಲ್ಲಿ ಎರಡೂ ಪಾದ ಒತ್ತಿ, ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು.

ಒಳಗೆ ತಂಪು, ನಸುಗತ್ತಲು, ಹಸಿ ಸೊಪ್ಪಿನ ವಾಸನೆ. ಬಿಳೀ ಬೆಳಕು ಮೇಲಿನ ಕಿಂಡಿಗಳಿಂದ ಇಳಿದು ತಟ್ಟೆಗಳ ಮೇಲೆ ನಿಂತಿತ್ತು. ಸಾಬರು ಬಗ್ಗಿ ನೋಡಿದರು. ಕಳಚಿದ ಕಪ್ಪು ಚರ್ಮದ ಚೂರುಗಳ ನಡುವೆ ಉಗುರಿನಷ್ಟುದ್ದದ ಹುಳಗಳು, ಲೆಕ್ಕವಿಲ್ಲದಷ್ಟು, ಹೊಸ ಮೈಯಲ್ಲಿ ಮೆಲ್ಲಗೆ ಹೊರಳುತ್ತಿದ್ದವು. ಇಷ್ಟು ಚಿಕ್ಕವನ್ನೇ ನಾನು ಇಷ್ಟು ವರ್ಷ ಹೊತ್ತದ್ದು ಎಂದುಕೊಂಡು ಅವರು ಇನ್ನಷ್ಟು ಬಗ್ಗಿದರು. ಶ್ಯಾಮಲಮ್ಮ ಸೊಪ್ಪು ಕತ್ತರಿಸಿ ಉದುರಿಸುವುದನ್ನು ತೋರಿಸಿದರು. ಸಾಬರೂ ಒಂದು ಹಿಡಿ ತೆಗೆದುಕೊಂಡು ಉದುರಿಸಿದರು. ಹುಳಗಳು ಹುಡುಕುತ್ತಾ ಬಂದು ಎಲೆಯಂಚಿಗೆ ಬಾಯಿ ಹಚ್ಚಿದವು.

“ತೆಳ್ಳಗೆ ಹಾಕಿ, ಎಳೇವು” ಎಂದರು ಶ್ಯಾಮಲಮ್ಮ. ಇಬ್ಬರೂ ಅಕ್ಕಪಕ್ಕ ನಿಂತು ಒಂದು ಸಾಲು ಮುಗಿಸಿದರು. ಆಮೇಲೆ ಆಕೆ ತಲೆ ಎತ್ತದೆ ಕೇಳಿದರು, “ಸಿಟ್ಟು ಹೋಯ್ತಾ ಸಾಬ್ರೇ?”

“ಇಲ್ಲ” ಎಂದರು ಸಾಬರು, ಸೊಪ್ಪು ಉದುರಿಸುತ್ತಲೇ.

ಶ್ಯಾಮಲಮ್ಮ ಹೂಂಗುಟ್ಟಿ, ಮುಂದಿನ ತಟ್ಟೆಯನ್ನು ಅವರ ಕಡೆಗೆ ಸರಿಸಿದರು.